ಪಖಾಲಿಯ ಮೊಮ್ಮಗ

ಕೌಲ್ ಬಜಾರಿನಿಂದ ನಮ್ಮ ಮದ್ರಸಕ್ಕೆ ಬರುವ ಹುಡುಗನೊಬ್ಬನ ಮನೆಗೆ ಕೆಲವು ತಿಂಗಳ ಹಿಂದೆ ಊಟಕ್ಕೆ ಹೋಗಿದ್ದೆ. ಒಳಗೆ ಕಾಲಿಟ್ಟ ಕೂಡಲೇ ಗೋಡೆಯ ಮೇಲೆ ಒಂದು ದೊಡ್ಡ ಫ್ರೇಮ್ ಕಂಡಿತು. ಹಸಿರು ಬಣ್ಣದ ಮರ, ಕೊಂಬೆ ಕೊಂಬೆಗೆ ಹೆಸರುಗಳು, ಬುಡದಲ್ಲಿ ಚಿನ್ನದ ಬಣ್ಣದ ಅಕ್ಷರದಲ್ಲಿ ಅರಬ್ ದೇಶದ ಒಬ್ಬ ದೊಡ್ಡ ಮನುಷ್ಯರ ಹೆಸರು. ಮೂರು ಕೊಂಬೆ ಮೇಲೆ, ಕಂಪನಿ ಸರಕಾರದ ಫೌಜಿನ ಒಬ್ಬ ಜಮೇದಾರ್. ಅಲ್ಲಿಂದ ನೇರ ನಮ್ಮ ಹುಡುಗನವರೆಗೆ.

"ಹಜ್ರತ್, ಇದು ನಮ್ಮ ಶಜರಾ. ನಾವು ಕಂಪನಿ ಟೈಮ್ನಾಗ ಬಂದೋರು. ಈ ಬಜಾರಿನ ಮೊದಲ್ನೇ ಮನೀನೇ ನಮ್ದು" ಅಂದರು ಹುಡುಗನ ತಂದೆ. (ಇಲ್ಲಿ ದಖನಿ ಮಾತಾಡುವವರು ನನ್ನನ್ನು ಹಜ್ರತ್ ಅಂತಾರೆ, ನಮ್ಮ ಬ್ಯಾರಿ ಮನೆಗಳಲ್ಲಿ ಉಸ್ತಾದ್. ಎರಡಕ್ಕೂ ಸಂಬಳ ಒಂದೇ.) ಯಾರು ಬರೆದುಕೊಟ್ಟದ್ದು ಎಂದು ಕೇಳಿದೆ. ಹೊರಗಿನಿಂದ ಬಂದ ಒಬ್ಬ ವ್ಯಕ್ತಿ ಹದಿನೈದು ಸಾವಿರ ತೆಗೆದುಕೊಂಡು, ಮನೆಯವರ ಹೆಸರು ಬರೆದುಕೊಂಡು ಹೋಗಿ, ಎರಡು ವಾರದಲ್ಲಿ ಫ್ರೇಮ್ ಸಮೇತ ತಂದುಕೊಟ್ಟನಂತೆ. ಮಗಳಿಗೆ ಸಂಬಂಧ ನೋಡುತ್ತಿದ್ದರು. ಗಂಡಿನ ಕಡೆಯವರು ಬಂದಾಗ ಮೊದಲು ಕೇಳಿದ ಪ್ರಶ್ನೆ, "ನಿಮ್ಮದು ಯಾವ ಖಾನ್‌ದಾನ್?"

ಅವರ ತಾಯಿ ಇರುವುದು ಸಿರುಗುಪ್ಪದಲ್ಲಿ, ಚಿಕ್ಕ ಮಗನ ಮನೆಯಲ್ಲಿ. ಎಂಬತ್ತು ದಾಟಿದೆ, ಕಣ್ಣು ಕಡಿಮೆ, ನೆನಪು ಮಾತ್ರ ಚೂರಿಯ ಹಾಗೆ. ಒಂದು ಜನಾಝಾಕ್ಕೆ ಸಿರುಗುಪ್ಪಕ್ಕೆ ಹೋದವನು ಅವರನ್ನೂ ನೋಡಿ ಬಂದೆ. ಜಮೇದಾರನ ವಿಷಯ ಕೇಳಿದೆ. ಮುದುಕಿ ಜೋರಾಗಿ ನಕ್ಕುಬಿಟ್ಟರು. "ಯಾವ ಜಮೇದಾರ್ ಬಾ? ನನ್ನ ಮಾವನ ಅಜ್ಜ ಪಖಾಲಿ ಇದ್ದರು. ಎತ್ತಿನ ಬೆನ್ನ ಮೇಲೆ ಚರ್ಮದ ಚೀಲ ಹಾಕಿ ಗೋರಾ ಪಲ್ಟನ್ನಿಗೆ ನೀರು ಹೊರ್ತಿದ್ದರು. ಆ ಚೀಲದ ತುಂಡು ನಾನು ಮದುವೆಯಾಗಿ ಬಂದಾಗಲೂ ಅಟ್ಟದ ಮೇಲೆ ಇತ್ತು" ಅಂದರು.

ನೋಡಿ, ಅಲ್ಲಿದೆ ನಿಜವಾದ ಶಜರಾ. ಒಂದೇ ಒಂದು ಕೊಂಬೆ, ಆದರೆ ಜೀವ ಇರುವ ಕೊಂಬೆ. ಈ ಮಾತನ್ನು ಅವರ ಮಗನಿಗೆ ಹೇಳಿದಾಗ ಅವರ ಮುಖ ಸಣ್ಣದಾಯಿತು. "ಹಜ್ರತ್, ಇದನ್ನ ಬೀಗರ ಮುಂದ ಹೇಳಬ್ಯಾಡ್ರೀ" ಅಂದರು. ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಅದಕ್ಕೇ ಈ ಲೇಖನ.

ಬಳ್ಳಾರಿ ಊರು ಹೇಗೆ ಬೆಳೆಯಿತು ಎಂದು ಸ್ವಲ್ಪ ಹೇಳಬೇಕು. 1800ರ ಅಕ್ಟೋಬರದಲ್ಲಿ ಹೈದರಾಬಾದಿನ ನಿಜಾಮರು ಬಳ್ಳಾರಿ, ಅನಂತಪುರ, ಕಡಪ ಕಡೆಯ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟರು. ದತ್ತ ಮಂಡಲ ಎಂದು ಹೆಸರಾಯಿತು. ಅದಕ್ಕೆ ಮುಖ್ಯ ಕಲೆಕ್ಟರಾಗಿ ಬಂದವರು ಥಾಮಸ್ ಮನ್ರೋ. ಕರಾವಳಿಯ ಓದುಗರಿಗೆ ಈ ಹೆಸರು ಗೊತ್ತಿರಬೇಕು. ಟಿಪ್ಪು ಸುಲ್ತಾನರು 1799ರಲ್ಲಿ ಶಹೀದರಾದ ಮೇಲೆ ನಮ್ಮ ಕೆನರಾ ಜಿಲ್ಲೆಗೆ ಮೊದಲ ಕಲೆಕ್ಟರಾಗಿ ಬಂದವರೂ ಇದೇ ಮನ್ರೋ. ಒಂದೂವರೆ ವರ್ಷದೊಳಗೆ ಅಲ್ಲಿಂದ ಇಲ್ಲಿಗೆ. ಅಂದರೆ ನಮ್ಮ ಅಜ್ಜಂದಿರ ಗದ್ದೆಯ ಲೆಕ್ಕ ಕೇಳಿದ ದೊರೆಯೇ ಬಳ್ಳಾರಿಯ ಎರೆಹೊಲದ ಲೆಕ್ಕವನ್ನೂ ಕೇಳಿದ್ದು. ಏಳು ವರ್ಷ ಇಲ್ಲಿದ್ದು ಊರೂರು ಅಳೆಸಿ, ರೈತನ ಹೆಸರಿಗೇ ಕಂದಾಯ ಹಾಕುವ ರೈತವಾರಿ ಪದ್ಧತಿ ಕೂರಿಸಿದರು. ರಾಯಲಸೀಮೆಯಲ್ಲಿ ಆಮೇಲೆ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟದ್ದೂ ಉಂಟು. ಆ ಹೆಸರು ಹೊತ್ತವರ ಮೊಮ್ಮಕ್ಕಳು ನಾವು ಇಂಗ್ಲಿಷರ ವಂಶ ಅಂತ ಹೇಳಿಕೊಂಡರೆ ಹೇಗಿರ್ತದೆ ಯೋಚಿಸಿ!

ಬಳ್ಳಾರಿ ದಂಡಿನ ಊರಾಯಿತು. ದಂಡು ಅಂದ ಮೇಲೆ ಸಿಪಾಯಿಗಳು ಮಾತ್ರ ಅಲ್ಲ. ಅಡುಗೆಯವರು, ಕಟುಕರು, ದರ್ಜಿಗಳು, ಕುದುರೆಗೆ ಹುಲ್ಲು ತರುವವರು, ಲಾಳ ಹೊಡೆಯುವವರು, ಡೋಲಿ ಹೊರುವವರು, ನೀರಿನ ಪಖಾಲಿಗಳು. ಸಿಪಾಯಿ ಒಬ್ಬ ಇದ್ದರೆ ಅವನ ಹಿಂದೆ ಒಂದು ಸಂಸಾರ. ಅವರೆಲ್ಲ ನೆಲೆ ನಿಂತ ಬೀದಿಗಳೇ ಇಂದಿನ ಕೌಲ್ ಬಜಾರ್. ಕೌಲ್ ಅಂದರೆ ಏನು? ನಮ್ಮ ಮದ್ರಸದ ಮೂರನೇ ತರಗತಿಯ ಮಕ್ಕಳಿಗೂ ಗೊತ್ತಿರುವ ಅರಬಿ ಪದ, ಖೌಲ್, ಮಾತು. ಕಂದಾಯದ ಭಾಷೆಯಲ್ಲಿ ಕೌಲು ಅಂದರೆ ಸರಕಾರ ಕೊಟ್ಟ ಮಾತಿನ ಪತ್ರ, ಇಲ್ಲಿ ಬಂದು ನೆಲೆಸು, ಇಷ್ಟು ಕೊಡು, ನಿನ್ನನ್ನು ಯಾರೂ ಎಬ್ಬಿಸುವುದಿಲ್ಲ ಎಂಬ ಭರವಸೆ. ಊರಿನ ಇನ್ನೊಂದು ಕಡೆ ಬ್ರೂಸ್ ಪೇಟೆ ಇದೆ, ಅದು ಬ್ರೂಸ್ ಎಂಬ ಇಂಗ್ಲಿಷ್ ಜಡ್ಜ್‌ನ ಹೆಸರು. ಜಡ್ಜ್‌ಗೆ ಒಂದು ಪೇಟೆಯೇ ಸಿಕ್ಕಿತು. ಅವನ ಮನೆಗೆ ನೀರು ಹೊತ್ತವನ ಹೆಸರು ಒಂದು ಗಲ್ಲಿಗೂ ಇಲ್ಲ.

ಇಲ್ಲೊಂದು ವ್ಯತ್ಯಾಸ ಹೇಳಲೇಬೇಕು. ಬಳ್ಳಾರಿ ದಂಡಿನಲ್ಲಿದ್ದ ಒಬ್ಬ ಗೋರಾ ಸಾರ್ಜೆಂಟ್‌ನ ಮರಿಮಗ ಇವತ್ತು ಇಂಗ್ಲೆಂಡಿನಲ್ಲೋ ಆಸ್ಟ್ರೇಲಿಯಾದಲ್ಲೋ ಇದ್ದರೆ, ಅವನು ತನ್ನ ಅಜ್ಜನನ್ನು ಕುರ್ಚಿಯಿಂದ ಏಳದೆ ಹುಡುಕಬಹುದು. ಮದ್ರಾಸ್ ಪ್ರಾಂತ್ಯದ ಚರ್ಚುಗಳಲ್ಲಿ ನಡೆದ ನಾಮಕರಣ, ಮದುವೆ, ದಫನದ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು, ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಗೋರಿ ಕಲ್ಲುಗಳ ಮೇಲಿನ ಬರಹಗಳನ್ನು ಜೂಲಿಯನ್ ಜೇಮ್ಸ್ ಕಾಟನ್ ಎಂಬ ಅಧಿಕಾರಿ ಪಟ್ಟಿ ಮಾಡಿ 1905ರಲ್ಲಿ ಪುಸ್ತಕವನ್ನೇ ತಂದ. ಬಳ್ಳಾರಿಯ ಗೋರಿಗಳೂ ಅದರಲ್ಲಿವೆ. ನಮ್ಮ ಪಖಾಲಿಗೆ ಏನಿದೆ? ಖಬರಸ್ತಾನದಲ್ಲಿ ಹೆಸರು ಕೊರೆಯುವ ರೂಢಿ ನಮ್ಮಲ್ಲಿ ಕಡಿಮೆ. ಕರಾವಳಿಯ ಮೀಸಾನ್ ಕಲ್ಲು ನೋಡಿ, ಹತ್ತು ನಿಂತಿದ್ದರೆ ಹತ್ತೂ ಒಂದೇ ತರ. ಅಲ್ಲಾಹನಿಗೆ ಗೊತ್ತು, ಸಾಕು ಅಂತ ಬಿಟ್ಟವರು ನಾವು. ಅದರಲ್ಲಿ ತಪ್ಪು ಕಾಣುವುದಿಲ್ಲ ನನಗೆ. ಆದರೆ ಹಾಗೆ ಬಿಟ್ಟ ಜಾಗವನ್ನು ಹದಿನೈದು ಸಾವಿರದ ಫ್ರೇಮಿನವರು ಬಂದು ತುಂಬುತ್ತಾರೆ.

ದಖನಿಯವರನ್ನು ಹೇಳಿ ನಾವು ಬ್ಯಾರಿಗಳು ನಗುವ ಹಾಗಿಲ್ಲ. ನಮ್ಮ ಮನೆಗಳಲ್ಲಿ ಫ್ರೇಮ್ ಇಲ್ಲ, ಕಥೆ ಇದೆ. "ನಮ್ಮ ದೊಡ್ಡಜ್ಜ ಅರಬಿ, ಹಡಗಿನಲ್ಲಿ ಬಂದಿಳಿದವರು." ಯಾವ ಹಡಗು, ಯಾವ ಊರು, ಯಾವ ಕಾಲ? ಕೇಳಬಾರದು. ಮಂಗಳೂರಿನಲ್ಲಿ ಮುಸ್ಲಿಮರು ಹಳಬರು ಎನ್ನುವುದರಲ್ಲಿ ಸಂಶಯ ಇಲ್ಲ. ಹದಿನಾಲ್ಕನೇ ಶತಮಾನದಲ್ಲಿ ಬಂದ ಇಬ್ನ್ ಬತೂತಾ ಅಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರು ಇದ್ದರೆಂದು ಬರೆದಿದ್ದಾರೆ. ಪೋರ್ಚುಗೀಸರು ಬರುವುದಕ್ಕೂ ನೂರೈವತ್ತು ವರ್ಷಕ್ಕೆ ಮೊದಲು. ಅರಬ್ ವ್ಯಾಪಾರಿಗಳು ಇಲ್ಲಿ ಮದುವೆಯಾದದ್ದೂ ಸರಿ. ಆದರೆ ಹಡಗಿನಲ್ಲಿ ಬಂದದ್ದು ಗಂಡಸು ತಾನೇ? ಮನೆಯಲ್ಲಿ ಕಾಯುತ್ತಿದ್ದವಳು, ಮಕ್ಕಳಿಗೆ ಮಾತು ಕಲಿಸಿದವಳು ಈ ಮಣ್ಣಿನವಳು. ಅದಕ್ಕೇ ನಮ್ಮ ಮಾತು ಅರಬಿ ಆಗಲಿಲ್ಲ, ಬ್ಯಾರಿ ಆಯಿತು. ಬ್ಯಾರಿ ಎಂಬ ಹೆಸರೇ ತುಳುವಿನ 'ಬ್ಯಾರ', ವ್ಯಾಪಾರ ಎಂಬ ಪದದಿಂದ ಬಂದದ್ದು ಎಂದು ತಿಳಿದವರು ಹೇಳುತ್ತಾರೆ. ಇನ್ನು ಹಡಗೇ ಕಾಣದೆ, ಇಲ್ಲೇ ಇದ್ದು, ಕಲಿಮ ಹೇಳಿ ನಮ್ಮವರಾದ ಅಜ್ಜಂದಿರು ಎಷ್ಟು ಜನವೋ. ಅವರನ್ನು ಮರದಿಂದ ಕಡಿದು ಬಿಸಾಡಿ, ಒಬ್ಬ ಅರಬಿಯನ್ನು ತಂದು ಅಂಟಿಸುವುದು ನ್ಯಾಯವಾ?

ತಂಙಳ್ ಮನೆತನಗಳ ಮಾತು ಬೇರೆ. ಅವರಲ್ಲಿ ತಲೆಮಾರಿನಿಂದ ಜೋಪಾನವಾಗಿ ಬರೆದಿಟ್ಟ ದಾಖಲೆ ಇರುತ್ತದೆ, ನಾನು ಅದರ ಬಗ್ಗೆ ಹೇಳುತ್ತಿಲ್ಲ. ನಾನು ಹೇಳುವುದು ಕೊಂಡುಕೊಂಡ ನಸಬ್‌ನ ಬಗ್ಗೆ. ತನ್ನ ತಂದೆಯಲ್ಲದವನನ್ನು ಗೊತ್ತಿದ್ದೂ ತಂದೆ ಎಂದು ಹೇಳಿಕೊಳ್ಳುವುದು ಎಷ್ಟು ಗಂಭೀರ ಎಂದು ನಾವು ಮಕ್ಕಳಿಗೆ ಪಾಠ ಮಾಡುತ್ತೇವೆ. ಅದೇ ಪಾಠದಲ್ಲಿ ವಂಶವನ್ನು ತಿಳಿದುಕೊಳ್ಳಿ ಎಂದೂ ಇದೆ, ಯಾಕೆ? ಸಿಲತುರ್ರಹಿಮ್, ರಕ್ತಸಂಬಂಧ ಉಳಿಸಿಕೊಳ್ಳಲಿಕ್ಕೆ. ಯಾರ ಮನೆಗೆ ಹೋಗಿ ಸಲಾಂ ಹೇಳಬೇಕು, ಯಾರಿಗೆ ಕಾಯಿಲೆಯಾದರೆ ಓಡಬೇಕು ಎಂದು ಗೊತ್ತಾಗಲಿಕ್ಕೆ. ಸಾವಿರ ವರ್ಷದ ಹಿಂದಿನ ಅರಬಿಯ ಹೆಸರು ಬಾಯಿಪಾಠ ಇದ್ದು, ಸಿರುಗುಪ್ಪದಲ್ಲಿರುವ ತಾಯಿಯನ್ನು ಆರು ತಿಂಗಳಿಂದ ನೋಡಿರದವನಿಗೆ ಆ ಶಜರಾದಿಂದ ಏನು ಲಾಭ? (ಇದನ್ನು ನಾನು ಅವರ ಎದುರೇ ಹೇಳಿದ್ದೇನೆ, ಬೆನ್ನ ಹಿಂದೆ ಬರೆಯುತ್ತಿಲ್ಲ.)

ಹಾಗಾದರೆ ಹುಡುಕುವುದು ಹೇಗೆ? ಈಚೆಗೆ ಇದನ್ನು ಕೇಳುವವರು ಜಾಸ್ತಿ. 2019ರ ಕೊನೆಯಲ್ಲಿ ಪೌರತ್ವದ ಮಾತು ಎದ್ದಾಗ ಅಜ್ಜನ ಕಾಗದ ಹುಡುಕಿ ಎಲ್ಲರೂ ಟ್ರಂಕ್ ಬಗೆದರು. 2025ರ ಜೂನ್‌ನಲ್ಲಿ ಉಮೀದ್ ಪೋರ್ಟಲ್ ಬಂದಾಗ ಜಮಾಅತಿನವರು ಮಸೀದಿ, ಖಬರಸ್ತಾನದ ಹಳೇ ದಾಖಲೆಗೆ ಕಚೇರಿ ಕಚೇರಿ ಅಲೆದರು. ಹೆದರಿಕೆಯಿಂದ ಹುಡುಕುವಾಗ ಮನುಷ್ಯ ಬೇಕಾದದ್ದನ್ನು ಮಾತ್ರ ನೋಡುತ್ತಾನೆ, ಉಳಿದದ್ದನ್ನು ಮತ್ತೆ ಟ್ರಂಕಿಗೆ ತುರುಕುತ್ತಾನೆ. ಸಮಾಧಾನದಲ್ಲಿ ಕೂತು ಹುಡುಕಬೇಕು. ಮೇಲಿನಿಂದ ಕೆಳಗೆ ಬರಬಾರದು, ಕೆಳಗಿನಿಂದ ಮೇಲೆ ಹೋಗಬೇಕು. ನಿಮ್ಮ ಹೆಸರು, ಉಪ್ಪನ ಹೆಸರು, ಅಜ್ಜನ ಹೆಸರು. ಒಂದೊಂದು ಮೆಟ್ಟಿಲಿಗೂ ಒಂದು ಕಾಗದ ಅಥವಾ ಒಬ್ಬ ಬದುಕಿರುವ ಸಾಕ್ಷಿ.

ನಾನು ನನ್ನ ಮನೆಯದ್ದನ್ನೇ ಹೀಗೆ ಹುಡುಕಿದೆ. ನಮ್ಮದು ಬಂಟ್ವಾಳ ಕಡೆಯ ಹಳ್ಳಿ. ಅಜ್ಜ 1974ರ ಭೂಸುಧಾರಣೆ ಕಾನೂನು ಬಂದಾಗ ಡಿಕ್ಲರೇಶನ್ ಕೊಟ್ಟಿದ್ದರು, ನಮೂನೆ 7. ತಾಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಅದರ ನಕಲು ಸಿಕ್ಕಿತು. ಅದರಲ್ಲಿ ಅಜ್ಜನ ಹೆಸರು, ಅವರ ತಂದೆಯ ಹೆಸರು, ಧಣಿಯ ಹೆಸರು, ಎಷ್ಟು ವರ್ಷದಿಂದ ಚಾಲಗೇಣಿ, ಎಷ್ಟು ಮುಡಿ ಅಕ್ಕಿ ಗೇಣಿ ಎಲ್ಲಾ ಇದೆ. ಹಡಗು ಇಲ್ಲ, ಕುದುರೆ ಇಲ್ಲ. ಮುಕ್ಕಾಲು ಎಕರೆ ಗದ್ದೆ. ನಮ್ಮ ಮನೆಯ ಅರಬಿ ಅಲ್ಲಿಗೆ ಮುಳುಗಿದ. ನಿಜ ಹೇಳ್ತೇನೆ, ಒಂದು ದಿನ ಬೇಸರ ಆಯಿತು. ಆಮೇಲೆ ಆ ಹೆಬ್ಬೆಟ್ಟಿನ ಗುರುತು ನೋಡಿ ನೋಡಿ, ಇದು ನನ್ನ ಅಜ್ಜನ ಬೆರಳು ಅಂತ ಅನಿಸಿತು.

ಹೆಸರಿನ ತೊಡಕು ಬೇರೆ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವುದು ನಮ್ಮ ಪದ್ಧತಿ, ಹಾಗಾಗಿ ಅಬೂಬಕರನ ಮಗ ಮುಹಮ್ಮದ್, ಅವನ ಮಗ ಅಬೂಬಕರ್, ಮತ್ತೆ ಮುಹಮ್ಮದ್. ಶಾನುಭಾಗರು ಬರೆಯುವಾಗ ಅಬ್ಬು ಬ್ಯಾರಿ, ಮೋನು ಬ್ಯಾರಿ, ಮೊಯ್ದಿನಬ್ಬ ಬ್ಯಾರಿ. ಒಂದೇ ಊರಿನಲ್ಲಿ ನಾಲ್ಕು ಮೋನು ಬ್ಯಾರಿ ಇದ್ದರೆ ಯಾರ ಮೋನು? ಇಲ್ಲಿ ಮನೆ ಹೆಸರು ಕೈ ಹಿಡಿಯುತ್ತದೆ. ಹಳೇ ಮಸೀದಿಯ ನಿಕಾಹ್ ದಫ್ತರ್ ಇದ್ದರೆ ಅದೂ. ಕೆಲವು ಅರಬಿ ಮಲಯಾಳಂ ಲಿಪಿಯಲ್ಲಿವೆ, ಓದಲು ಬರುವ ಉಸ್ತಾದರು ಕಡಿಮೆಯಾಗುತ್ತಿದ್ದಾರೆ. ಗೆದ್ದಲು ಅವರಿಗಿಂತ ಬೇಗ ಓದಿ ಮುಗಿಸುತ್ತದೆ. ಜಮಾಅತ್ ಕಮಿಟಿಯವರು ಮೊಬೈಲಿನಲ್ಲಾದರೂ ಒಂದೊಂದು ಪುಟದ ಫೋಟೋ ತೆಗೆದಿಡಬೇಕು. ಹೊಸ ಮಿನಾರಕ್ಕೆ ಆಗುವ ಖರ್ಚಿನಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯವರಿಗೆ ಇನ್ನೊಂದು ದಾರಿ ಇದೆ, ಇನಾಂ ದಾಖಲೆ. ಮದ್ರಾಸ್ ಸರಕಾರ 1858ರಿಂದ ಇನಾಂ ಕಮಿಷನ್ ಇಟ್ಟು ಊರೂರಿನ ಇನಾಂ ಜಮೀನು ತನಿಖೆ ಮಾಡಿತು. ಮಸೀದಿಗೆ, ದರ್ಗಾಕ್ಕೆ, ಖಾಜಿಗೆ, ಮುಲ್ಲಾನಿಗೆ ಬಿಟ್ಟ ಜಮೀನೂ ಅದರಲ್ಲಿ ಬಂತು. ಇನಾಂ ಫೇರ್ ರಿಜಿಸ್ಟರಿನಲ್ಲಿ ಜಮೀನು ಕೊಟ್ಟವರು ಯಾರು, ಮೊದಲು ಪಡೆದವರು ಯಾರು, ಈಗ ಅನುಭವಿಸುವವರ ಹೆಸರೇನು, ವಯಸ್ಸೆಷ್ಟು ಎಂದೆಲ್ಲ ಕಾಲಂ ಇದೆ. ನಿಮ್ಮ ಮನೆತನ ಊರಿನ ಮಸೀದಿಯ ಸೇವೆಯಲ್ಲಿ ಇದ್ದದ್ದಾದರೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ. ಜಮೀನು ಕೊಂಡು ಮಾರಿದವರು ಸಬ್ ರಿಜಿಸ್ಟ್ರಾರ್ ಕಚೇರಿಯ ಹಳೇ ಇಂಡೆಕ್ಸ್ ನೋಡಬಹುದು. ಒಂದು ಕಷ್ಟ ನೆನಪಿರಲಿ. ಬಳ್ಳಾರಿ ಮದ್ರಾಸಿನಿಂದ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು, ದಕ್ಷಿಣ ಕನ್ನಡ ಸೇರಿದ್ದು 1956ರ ನವೆಂಬರ್ 1ರಂದು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಕಾಸರಗೋಡು ಕೇರಳಕ್ಕೆ. ಹಾಗಾಗಿ ಒಂದೇ ಕುಟುಂಬದ ಕಾಗದ ಮೂರು ರಾಜ್ಯದಲ್ಲಿ ಹರಡಿರಬಹುದು, ಇನ್ನೂ ಹಳೆಯದು ಚೆನ್ನೈನ ಎಗ್ಮೋರಿನಲ್ಲಿರುವ ಪತ್ರಾಗಾರದಲ್ಲಿ.

ಎಲ್ಲರೂ ಎಲ್ಲಿಂದಲೋ ಬಂದವರೇ ಆಗಬೇಕು ಎಂಬ ಹಟ ಯಾಕೋ ಗೊತ್ತಾಗುವುದಿಲ್ಲ. ಕುರುಗೋಡಿನಲ್ಲಿ ನನಗೆ ಪರಿಚಯದ ಒಂದು ಪಿಂಜಾರರ ಮನೆ ಇದೆ. ಹತ್ತಿ ಹಿಂಜುವುದು, ಗಾದಿ ಹೊಲಿಯುವುದು ಅವರ ಕಸುಬು. ಮನೆಮಾತು ಕನ್ನಡ. ನೀವು ಎಲ್ಲಿಂದ ಬಂದಿರಿ ಎಂದು ಕೇಳಿದರೆ ಅಜ್ಜ ಅಂಗಳ ತೋರಿಸುತ್ತಾರೆ. "ಎಲ್ಲಿಂದ ಬರೋದ್ರೀ, ಇಲ್ಲೇ ಅದೀವಿ." ಬಳ್ಳಾರಿ ಸೀಮೆಯಲ್ಲಿ ಹತ್ತಿ ಬೆಳೆಯುವ ಎರೆಮಣ್ಣು ಇರುವವರೆಗೆ ಈ ಉತ್ತರಕ್ಕೆ ಬೇರೆ ದಾಖಲೆ ಬೇಕಾ?

ಹಾಗೆಯೇ ಬಂದವರಲ್ಲೂ ಎಲ್ಲರೂ ಬಯಸಿ ಬಂದವರಲ್ಲ. ನಾನು ಹೊಸತಾಗಿ ಇಲ್ಲಿಗೆ ಬಂದಾಗ ನನ್ನ ಮಾತಿನ ಧಾಟಿ ಕೇಳಿ ಹಿರಿಯರೊಬ್ಬರು, "ನೀವು ಜೈಲಿಗೆ ತಂದಿದ್ರಲ್ಲ, ಆ ಮಾಪಿಳ್ಳೆ ಜನರೇನು?" ಎಂದಿದ್ದರು. 1921ರಲ್ಲಿ ಮಲಬಾರಿನ ಮಾಪಿಳ್ಳ ಕೈದಿಗಳನ್ನು ಬಳ್ಳಾರಿ ಜೈಲಿಗೆ ಸಾಗಿಸುತ್ತಿದ್ದರು. ಆ ವರ್ಷ ನವೆಂಬರಿನಲ್ಲಿ ತಿರೂರಿನಿಂದ ಹೊರಟ ಮುಚ್ಚಿದ ಗೂಡ್ಸ್ ವ್ಯಾಗನ್ನಿನಲ್ಲಿ ಅರುವತ್ತಕ್ಕೂ ಹೆಚ್ಚು ಮಂದಿ ಉಸಿರುಕಟ್ಟಿ ತೀರಿಕೊಂಡರು. ಬಳ್ಳಾರಿ ಎಂಬ ಹೆಸರು ಮಲಬಾರಿನ ಎಷ್ಟೋ ಮನೆಗಳಲ್ಲಿ ಹೀಗೆ ಉಳಿದಿದೆ. ಶಜರಾದ ಫ್ರೇಮ್ ಮಾಡುವವನು ಕೈದಿಯ ಹೆಸರನ್ನು ಬರೆಯುತ್ತಾನಾ?

ಬಳ್ಳಾರಿ ಕೋಟೆಯ ಪೂರ್ವ ಬಾಗಿಲ ಬಳಿ ಒಂದು ಗೋರಿ ಇದೆ. ಹೈದರಲಿಯವರು ಕೋಟೆ ಕಟ್ಟಿಸಿದ ಫ್ರೆಂಚ್ ಎಂಜಿನಿಯರನನ್ನು, ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಎಂದು ಗೊತ್ತಾದ ಮೇಲೆ, ಗಲ್ಲಿಗೇರಿಸಿದರು, ಗೋರಿ ಅವನದ್ದೇ ಎಂದು ಒಂದು ಕಥೆ. ಅಲ್ಲ, ಅದು ನಮ್ಮ ಒಬ್ಬ ಬುಜುರ್ಗರದ್ದು ಎಂದು ಊರಿನ ಮುಸ್ಲಿಮರ ಮಾತು. ಒಂದು ಗೋರಿ, ಎರಡು ವಂಶ. ಒಳಗಿರುವವರು ಮಾತ್ರ ಮಾತಾಡುವುದಿಲ್ಲ. ಯಾವಾಗ ಆ ಕಡೆ ಹೋದರೂ ನನಗೆ ಕೌಲ್ ಬಜಾರಿನ ಫ್ರೇಮ್ ನೆನಪಾಗುತ್ತದೆ.

ಇನ್ನೊಂದು ಮಾತು, ಅದು ಸ್ವಲ್ಪ ನಮಗೇ ಚುಚ್ಚುವಂಥದ್ದು. ಆ ಫ್ರೇಮಿನಲ್ಲಿ ನಾನು ಎಣಿಸಿದ್ದು ನಲವತ್ತಕ್ಕೂ ಹೆಚ್ಚು ಹೆಸರು. ಒಂದೂ ಹೆಂಗಸಿನದ್ದಲ್ಲ. ನನ್ನ ಅಜ್ಜನ ನಮೂನೆ 7ರಲ್ಲೂ ಇಲ್ಲ. ಆದರೆ ಪಖಾಲಿಯ ವಿಷಯ ಹೇಳಿದ್ದು ಯಾರು? ಸೊಸೆಯಾಗಿ ಬಂದ ಹೆಂಗಸು. ನಮ್ಮ ಹಳೇ ಬ್ಯಾರಿ ಮನೆಗಳಲ್ಲಿ ಅಳಿಯ ಹೆಂಡತಿ ಮನೆಗೆ ಬರುತ್ತಿದ್ದ ಕಾಲವೂ ಇತ್ತು. ಮನೆ ತಾಯಿಯ ಕಡೆಯದ್ದು, ನೆನಪೂ ಅವರ ಕಡೆಯದ್ದು. ಗಂಡಸರು ಹೆಸರು ಬರೆಸಿಕೊಂಡರು, ಹೆಂಗಸರು ನೆನಪಿಟ್ಟುಕೊಂಡರು.

ಕೌಲ್ ಬಜಾರಿನ ಆ ತಂದೆ ಹೋದ ವಾರ ಮದ್ರಸಕ್ಕೆ ಬಂದಿದ್ದರು. ಸಂಬಂಧದ ಮಾತು ಇನ್ನೂ ನಡೆಯುತ್ತಿದೆಯಂತೆ. ಫ್ರೇಮ್ ತೆಗೆದಿಲ್ಲ. ಆದರೆ ಸಿರುಗುಪ್ಪಕ್ಕೆ ಹೋಗಿ ಎರಡು ದಿನ ಅಮ್ಮನ ಹತ್ತಿರ ಕೂತು, ಮಗನ ನೋಟ್ ಪುಸ್ತಕದಲ್ಲಿ ಏನೇನೋ ಬರೆದುಕೊಂಡು ಬಂದಿದ್ದಾರೆ. ತೋರಿಸಿದರು. ಮೊದಲ ಪುಟದಲ್ಲಿ ಪಖಾಲಿಯ ಹೆಸರು, ಅವರ ಎತ್ತಿನ ಹೆಸರೂ.

ಅವರು ಹೋದ ಮೇಲೆ ನನಗೆ ನಾಚಿಕೆಯಾಯಿತು. ರೆಕಾರ್ಡ್ ರೂಮಿಗೆ ಮೂರು ಸಲ ಹೋದ ನಾನು ಉಮ್ಮನ ಅಕ್ಕನನ್ನು ಒಂದು ಸಲವೂ ಕೇಳಿರಲಿಲ್ಲ. ಇಶಾ ಮುಗಿಸಿ ಫೋನ್ ಮಾಡಿದೆ. "ನಿಮ್ಮ ಅಜ್ಜಿಯ ಉಮ್ಮನ ಹೆಸರೇನು?" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸುಮ್ಮನೆ. "ಐಸಮ್ಮ. ಕಾಸರಗೋಡಿನಿಂದ ದೋಣಿಯಲ್ಲಿ ಕರ್ಕೊಂಡು ಬಂದದ್ದು. ಇಷ್ಟು ವರ್ಷಕ್ಕೆ ಈಗ ಎಂತ ನೆನಪಾದದ್ದು ನಿನಗೆ?" ಅಂದರು.